ಮದರಾಸಿಗೆ ಹೂಂಗುಟ್ಟಿದ ಚಿತ್ತಪ್ಪ

ನಮ್ಮೂರಲ್ಲಿ ಕತೆ ಹೇಳುವವನು ದೊಡ್ಡತಿಮ್ಮಪ್ಪ, ಹೂಂಗುಟ್ಟುವವನು ಚಿತ್ತಪ್ಪ. ದೊಡ್ಡತಿಮ್ಮಪ್ಪ ಒಂದು ಮಾತು ಮುಗಿಸಿದ ಕೂಡಲೇ ಚಿತ್ತಪ್ಪ ‘ಹೂಂ’ ಅನ್ನಬೇಕು. ಆಗಷ್ಟೇ ಕತೆ ಮುಂದಿನ ಮಾತಿಗೆ ಹೋಗಬೇಕು. ಹೂಂ ಬರದಿದ್ದರೆ ಕತೆ ಅಲ್ಲೇ ನಿಲ್ಲಬೇಕು. ಯಾರೂ ಹೂಂಗುಟ್ಟದೆ ಕತೆ ಹೇಳಿದರೆ ಹೇಳಿದವನ ನಾಲಿಗೆ ಒಳಕ್ಕೆ ಸೇದಿಹೋಗಿ ಜೀವಕ್ಕೇ ಅಪಾಯ ಎಂದು ನಮ್ಮ ಹಿರಿಯರು ನಂಬಿದ್ದರು, ನಾವೂ ನಂಬಿದ್ದೆವು. ನಗಬೇಡಿ. ನೀವು ನಂಬುವುದನ್ನೆಲ್ಲ ಬಿಡಿಸಿ ಹೇಳಿದರೆ ನಮಗೂ ನಗು ಬರುತ್ತದೆ.

ಪ್ರತಿ ವರ್ಷ ಬಿತ್ತನೆಗೆ ಮುಂಚೆ ಊರಿನ ಯಜಮಾನ ಲಕ್ಷ್ಮಣಪ್ಪನ ಪಡಸಾಲೆಯಲ್ಲಿ ನಾವು ಹೆಂಗಸರು ಶೇಂಗಾ ಬೀಜ ಬಿಡಿಸಲು ಕೂರುತ್ತಿದ್ದೆವು. ಆಗ ಇವರಿಬ್ಬರನ್ನೂ ಕರೆಸುತ್ತಿದ್ದರು. ಲಕ್ಷ್ಮಣಪ್ಪನಿಗೆ ಕತೆಯೆಂದರೆ ಪ್ರೀತಿ ಎಂದುಕೊಳ್ಳಬೇಡಿ. ಕತೆ ನಡೆಯುತ್ತಿದ್ದರೆ ಹೆಂಗಸರು ಬಾಯಿ ತೆರೆದುಕೊಂಡು ಕೂರುತ್ತಾರೆ, ಆದರೆ ಆ ಬಾಯಿಗೆ ಬೀಜ ಹಾಕಿಕೊಳ್ಳುವುದನ್ನು ಮರೆಯುತ್ತಾರೆ ಎಂಬುದು ಅವನ ಉಪಾಯ. ಉಪಾಯ ಫಲಿಸಿತ್ತು ಎಂದು ನಾಚಿಕೆ ಬಿಟ್ಟು ಒಪ್ಪಿಕೊಳ್ಳುತ್ತೇನೆ.

ಚಿತ್ತಪ್ಪನಿಗೆ ಬೇರೆ ಯಾವ ಕೆಲಸವೂ ಸರಿಯಾಗಿ ಬರುತ್ತಿರಲಿಲ್ಲ. ಅವನು ನೇಗಿಲು ಹಿಡಿದರೆ ಸಾಲು ಪಕ್ಕದ ಹೊಲಕ್ಕೆ ಹೋಗುತ್ತಿತ್ತು. ಕುರಿ ಕಾಯಲು ಕಳಿಸಿದರೆ ಕುರಿಗಳೇ ಅವನನ್ನು ಮನೆಗೆ ಕರೆತರುತ್ತಿದ್ದವು. ಆದರೆ ದೊಡ್ಡತಿಮ್ಮಪ್ಪನ ಎದುರಿಗೆ ಚಾಪೆಯ ಮೇಲೆ ಕೂತನೆಂದರೆ ಅವನೇ ಬೇರೆ. ರಾಣಿ ಅತ್ತರೆ ಅವನ ಹೂಂ ಒದ್ದೆಯಾಗುತ್ತಿತ್ತು, ರಾಕ್ಷಸ ಬಂದರೆ ನಡುಗುತ್ತಿತ್ತು. ಅವನ ಹೆಂಡತಿ ಹಂಪಕ್ಕ ಮನೆಯಲ್ಲಿ ಅವನನ್ನು ಏನೆಲ್ಲ ಅನ್ನುತ್ತಿದ್ದಳೋ, ಆ ಚಾಪೆಯ ಮೇಲೆ ಕೂತಾಗ ಮಾತ್ರ ಸೆರಗು ಸರಿಮಾಡಿಕೊಂಡು ಅವನನ್ನೇ ನೋಡುತ್ತಿದ್ದಳು. ಅವನಿಗೆ ಲೋಕದಲ್ಲಿದ್ದ ಮರ್ಯಾದೆಯೆಲ್ಲ ಆ ಚಾಪೆಯಷ್ಟೇ ಅಗಲ.

ಜರ್ಮನಿಯವರ ಯುದ್ಧ ಶುರುವಾದ ಮರುವರ್ಷ, ಬೀಜ ಬಿಡಿಸುವ ಹೊತ್ತಿಗೆ ಸರಿಯಾಗಿ, ರಾಯದುರ್ಗದಿಂದ ಎತ್ತಿನ ಗಾಡಿಯಲ್ಲಿ ಒಂದು ರೇಡಿಯೋ ಬಂತು. ಜೊತೆಗೆ ಖಾಕಿ ಚಡ್ಡಿಯ ಒಬ್ಬ ಸಾಹೇಬ. ಪಡಸಾಲೆಯ ಎದುರಿಗೇ, ಬೀದಿಯ ಆಚೆ, ನಮ್ಮ ಚಾವಡಿ. ಅಲ್ಲಿ ಆ ಪೆಟ್ಟಿಗೆಯನ್ನು ಇಟ್ಟು, ಬೇವಿನ ಮರಕ್ಕೆ ತಂತಿ ಕಟ್ಟಿ, ಬೆಳಿಗ್ಗೆ ತಾನೇ ಶುರುವಾಗುವಂತೆ ಗಡಿಯಾರ ಕೂಡಿಸಿ, ಯಾರೂ ಮುಟ್ಟದಂತೆ ಮರದ ಗೂಡಿನೊಳಗೆ ಬೀಗ ಹಾಕಿದ.

“ನಾಳೆ ವಿಶೇಷ ದಿನ. ಬೆಳಿಗ್ಗಿಂದ ಸಂಜಿತನಕ ಮದರಾಸು ಸ್ಟೇಷನ್ ಮಾತಾಡ್ತದ. ಎಲ್ಲಾರೂ ಕೇಳ್ರಿ. ನಾನು ಸಂಜಿಗೆ ಬಂದು ವಿಚಾರಿಸ್ತೀನಿ. ಕೇಳಂಗಿಲ್ಲ ಅಂದ್ರ ಪೆಟಗಿ ಬೆಳುಗುಪ್ಪಕ್ಕ ಹೋಗ್ತದ” ಎಂದು ಹೇಳಿ ಗಾಡಿ ಹತ್ತಿದ. ಬೆಳುಗುಪ್ಪದ ಹೆಸರು ಹೇಳಬಾರದಿತ್ತು. ಆ ಊರಿಗೆ ನಮ್ಮೂರಿನ ಕಸವನ್ನೂ ಬಿಟ್ಟುಕೊಡಲು ನಮಗೆ ಮನಸ್ಸಿರಲಿಲ್ಲ.

ಮರುದಿನ ಬೆಳಿಗ್ಗೆ ಗೂಡಿನೊಳಗಿಂದ ಗೊರಗೊರ ಸದ್ದು ಬಂತು. ಆಮೇಲೆ ಒಬ್ಬ ಗಂಡಸು ತೆಲುಗಿನಲ್ಲಿ ಆ ದಿನ ಏನೇನು ಬರುತ್ತದೆ ಎಂದು ಹೇಳಲು ಶುರುಮಾಡಿದ. ಒಂದು ಮಾತು ಹೇಳುತ್ತಿದ್ದ, ಸ್ವಲ್ಪ ನಿಲ್ಲಿಸುತ್ತಿದ್ದ, ಮತ್ತೊಂದು ಹೇಳುತ್ತಿದ್ದ. ಚಾವಡಿಯಲ್ಲಿ ಕೂತ ಗಂಡಸರು ಮುಖ ಮುಖ ನೋಡಿಕೊಂಡರು. ಅವನು ಪ್ರತಿ ಸಲ ನಿಲ್ಲಿಸುತ್ತಿದ್ದಾನೆ, ಇಲ್ಲಿ ಯಾರೂ ಹೂಂ ಅನ್ನುತ್ತಿಲ್ಲ!

ಲಕ್ಷ್ಮಣಪ್ಪ ಎದ್ದು ನಿಂತ. “ಅಲ್ರಲೇ, ಆ ಪುಣ್ಯಾತ್ಮ ಮದರಾಸಿನಾಗ ಕುಂತು ಹೇಳಾಕತ್ಯಾನ, ಒಬ್ಬರರ ಹೂಂ ಅನಬಾರದ? ನಾಲಿಗಿ ಸೇದಿ ಬಿದ್ದ ಅಂದ್ರ ಸರಕಾರ ಯಾರನ್ನ ಹಿಡೀತದ? ಚಿತ್ತಪ್ಪನ್ನ ಕರೀರಿ!”

ಚಿತ್ತಪ್ಪ ಆಗಷ್ಟೇ ಪಡಸಾಲೆಯಲ್ಲಿ ಚಾಪೆ ಹಾಸಿಕೊಂಡಿದ್ದ. ಕರೆ ಬಂದದ್ದೇ ಅವನ ಮುಖ ಅರಳಿತು. ರುಮಾಲು ಬಿಚ್ಚಿ ಮತ್ತೆ ಬಿಗಿಯಾಗಿ ಸುತ್ತಿಕೊಂಡ.

“ಸರಕಾರದ ಕೆಲಸ, ಅಣ್ಣಾ. ಇವತ್ತೊಂದಿನ” ಎಂದ.

ದೊಡ್ಡತಿಮ್ಮಪ್ಪ ಎಲೆಗೆ ಸುಣ್ಣ ಹಚ್ಚುತ್ತಿದ್ದವನು ತಲೆ ಎತ್ತಲಿಲ್ಲ. “ಹೋಗಪ್ಪಾ, ಯಾಕ ಬ್ಯಾಡ ಅನ್ಲಿ. ಆದ್ರ ಈ ಜಾಗ ನಿನಗಂತ ಖಾಲಿ ಇಡಂಗಿಲ್ಲ.”

ಚಿತ್ತಪ್ಪ ಬಾಗಿಲಲ್ಲಿ ಒಂದು ಕ್ಷಣ ನಿಂತ. ನನಗೆ ಚೆನ್ನಾಗಿ ನೆನಪಿದೆ, ನಿಂತ. ಆದರೆ ಚಾವಡಿಯಿಂದ ಇಡೀ ಊರು ಕರೆಯುತ್ತಿತ್ತು. ಹೋದ. ಅವನ ಜಾಗದಲ್ಲಿ ಪೆದ್ದಣ್ಣ ಬಂದು ಕೂತ. ಪೆದ್ದಣ್ಣ ಮಡಕಶಿರದ ಕಡೆಯವನು, ಮೂಟೆ ಹೊರಲು ಬಂದವನು, ಒಳ್ಳೆಯ ಮನುಷ್ಯ. ಅವನನ್ನು ಬೈಯಲು ನನಗೆ ಇಷ್ಟವಿಲ್ಲ.

ಚಾವಡಿಯಲ್ಲಿ ಚಿತ್ತಪ್ಪ ಗೂಡಿನ ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತು “ಹೂಂ” ಎಂದ. ಮದರಾಸಿನವನು ಮುಂದಿನ ಮಾತು ಹೇಳಿದ. ಗಂಡಸರೆಲ್ಲ ಉಸಿರು ಬಿಟ್ಟರು. ಒಂದು ಜೀವ ಉಳಿಯಿತು.

ಆಮೇಲೆ ವೀಣೆ ಬಂತು. ವೀಣೆಗೆ ಹೂಂಗುಟ್ಟಬೇಕೋ ಬೇಡವೋ? ಲಕ್ಷ್ಮಣಪ್ಪ ಯೋಚಿಸಿ, ವೀಣೆಗೆ ನಾಲಿಗೆ ಇಲ್ಲವಾದ್ದರಿಂದ ಸೇದುವ ಭಯವಿಲ್ಲ, ತಲೆದೂಗಿದರೆ ಸಾಕು ಎಂದು ತೀರ್ಮಾನ ಕೊಟ್ಟ. ವೀಣೆ ಮುಗಿಯುವ ತನಕ ಊರಿನ ಗಂಡಸರೆಲ್ಲ ಒಟ್ಟಿಗೆ ತಲೆದೂಗಿದರು. ದಾರಿಯಲ್ಲಿ ಹೋಗುತ್ತಿದ್ದ ಬಳೆಗಾರ ಒಳಗೆ ಇಣುಕಿ ನೋಡಿ, ಬಳೆ ಮಾರದೆ ಹಾಗೇ ಹೊರಟುಹೋದ.

ವೀಣೆಯ ಬೆನ್ನಿಗೇ ಒಬ್ಬ ಹೆಂಗಸು ತಮಿಳಿನಲ್ಲಿ ಮಾತಾಡಿದಳು, ಮನೆವಾರ್ತೆಯ ವಿಷಯವಿರಬೇಕು. ಚಿತ್ತಪ್ಪ ಹೂಂ ಅನ್ನಲಿಲ್ಲ, ಕೆಂಪಗಾದ. “ಪರಸ್ಥಳದ ಹೆಣಮಗಳು. ಆಕಿ ಗಂಡ ಪಕ್ಕದಾಗ ಇದ್ರ ಏನ್ ತಿಳ್ಕಂತಾನ?” ಎಂದ. ಅದೂ ನ್ಯಾಯವೇ. ಹಂಪಕ್ಕನನ್ನು ಕರೆದರು. ಅವಳು ಮಡಿಲಿನ ಸಿಪ್ಪೆ ಕೊಡವಿ, ಬೈದುಕೊಳ್ಳುತ್ತ ಹೋಗಿ ಕೂತಳು. ಮೊದಲು ಬರೀ ಹೂಂ ಎಂದಳು. ಸ್ವಲ್ಪ ಹೊತ್ತಿಗೆ “ಹೂಂ ಯವ್ವಾ, ನಮ್ಮನಿಯಾಗೂ ಅದಾ ಕತಿ” ಎಂದಳು. ಆಮೇಲೆ ಮದರಾಸಿನವಳಿಗೆ ಬಿಡುವೇ ಕೊಡಲಿಲ್ಲ. ಗಂಡ ನೇಗಿಲು ಹಿಡಿದ ಕತೆ, ಕುರಿ ಕಾಯ್ದ ಕತೆ ಎಲ್ಲವನ್ನೂ ಗೂಡಿಗೆ ಹೇಳಿದಳು. ವಾಪಸು ಬಂದು ನನ್ನ ಪಕ್ಕದಲ್ಲಿ ಕೂತು, “ಭಾಳ ಒಳ್ಳೆ ಹೆಣಮಗಳು, ಒಂದು ಮಾತಿಗೂ ಎದುರಾಡಲಿಲ್ಲ” ಎಂದಳು.

ಇತ್ತ ನಮ್ಮ ಪಡಸಾಲೆಯಲ್ಲಿ ಅನಾಹುತವಾಗುತ್ತಿತ್ತು. ಪೆದ್ದಣ್ಣನ ಸೀಮೆಯಲ್ಲಿ ಹೂಂ ಅನ್ನುವುದಿಲ್ಲವಂತೆ, “ಆಮ್ಯಾಕೆ?” ಅನ್ನುತ್ತಾರಂತೆ, ಅಂದರೆ ಆಮೇಲೇನಾಯಿತು ಎಂದು. ಹೂಂ ಅಂದರೆ ಕತೆಗೆ ಕೂರಲು ಜಾಗ ಕೊಟ್ಟಂತೆ. ಆಮ್ಯಾಕೆ ಅಂದರೆ ಹಿಂದಿನಿಂದ ನೂಕಿದಂತೆ. ರಾಜಕುಮಾರ ಕುದುರೆ ಹತ್ತಿದ. ಆಮ್ಯಾಕೆ? ಕಾಡಿಗೆ ಹೋದ. ಆಮ್ಯಾಕೆ? ದೊಡ್ಡತಿಮ್ಮಪ್ಪ ಕಾಡು ವರ್ಣಿಸಲು ಬಾಯಿ ತೆರೆಯುವುದರೊಳಗೆ ಮತ್ತೊಂದು ಆಮ್ಯಾಕೆ. ಬೀಜ ಮುಗಿಯುವ ತನಕ ಬರಬೇಕಿದ್ದ ಆ ರಾಜಕುಮಾರ ಊಟದ ಹೊತ್ತಿಗೆ ಮದುವೆಯಾಗಿ, ಮಕ್ಕಳಾಗಿ, ಮುದುಕನಾಗಿ ಸತ್ತೇ ಹೋದ. “ಆಮ್ಯಾಕೆ?” ಎಂದ ಪೆದ್ದಣ್ಣ. ದೊಡ್ಡತಿಮ್ಮಪ್ಪ ಗೋಡೆ ಕಡೆ ತಿರುಗಿ ಮಲಗಿದ. ನಾವು ಬೀಜ ತಿನ್ನತೊಡಗಿದೆವು.

ಮಧ್ಯಾಹ್ನ ಇಂಗ್ಲಿಷ್ ಬಂತು. ಚಿತ್ತಪ್ಪ ಕೆರ ಬಿಟ್ಟು ಎದ್ದು ನಿಂತು ಕೈಮುಗಿದ. ದೊರೆಗಳ ಭಾಷೆಗೆ ಕೂತು ಹೂಂಗುಟ್ಟುವುದುಂಟೆ? ಆದರೆ ಆ ಇಂಗ್ಲಿಷಿನವನು ನಡುವೆ ಉಸಿರೇ ತೆಗೆಯುತ್ತಿರಲಿಲ್ಲ. ಹೂಂ ಎಲ್ಲಿ ಹಾಕಬೇಕೆಂದು ತಿಳಿಯದೆ ಚಿತ್ತಪ್ಪ ಸಿಕ್ಕಲ್ಲೆಲ್ಲ ಹಾಕಿದ. ಬೆವರು ಇಳಿಯಿತು, ಗಂಟಲು ಕಟ್ಟಿತು. ಯಾರೋ ಮಜ್ಜಿಗೆ ತಂದರೆ ಕುಡಿಯಲೂ ಬಿಡುವಿಲ್ಲ. ಕೊನೆಗೆ ಲಕ್ಷ್ಮಣಪ್ಪನೇ ಅವನ ಎರಡು ಹೂಂಗಳ ನಡುವೆ ಬಾಯಿಗೆ ಮಜ್ಜಿಗೆ ಹೊಯ್ದ. ಅವನು ಅರ್ಧ ಕೆಮ್ಮಿ, ಅರ್ಧ ಹೂಂಗುಟ್ಟಿ, ಬಿಡದೆ ನಡೆಸಿದ. ಅವತ್ತು ಅವನು ಎಷ್ಟು ಸಂತೋಷವಾಗಿದ್ದ ಎಂದರೆ ನೋಡಲು ಸಂಕಟವಾಗುತ್ತಿತ್ತು.

ಬಿಸಿಲು ಇಳಿಯುವ ಹೊತ್ತಿಗೆ ತೆಲುಗಿನವನು ಮತ್ತೆ ಬಂದು ಪೇಟೆ ಧಾರಣೆ ಓದತೊಡಗಿದ. ಅಕ್ಕಿ, ಬೆಲ್ಲ, ಅರಿಶಿನ. ಚಿತ್ತಪ್ಪ ಹೂಂ, ಹೂಂ ಅನ್ನುತ್ತಿದ್ದ. ಆಮೇಲೆ ಶೇಂಗಾ ಬಂತು. ತೀರಾ ಕೆಟ್ಟ ಧಾರಣೆ. ಚಿತ್ತಪ್ಪ ಬಾಯಿ ತೆರೆಯುವುದರೊಳಗೆ ಲಕ್ಷ್ಮಣಪ್ಪ ಹಾರಿ ಬಂದು ಎರಡೂ ಕೈಯಿಂದ ಅವನ ಬಾಯಿ ಮುಚ್ಚಿದ.

“ಹೂಂ ಅಂದ್ಯೋ ಕೆಟ್ವಿ! ಊರಿಗೆ ಊರಾ ಈ ರೇಟಿಗೆ ಒಪ್ಪಿದಂಗ ಆಕ್ಕತಿ!”

ಎಲ್ಲರೂ ಪೆಟ್ಟಿಗೆಯ ಕಡೆ ನೋಡಿದರು. ಹೂಂ ಬರಲಿಲ್ಲ. ಇನ್ನು ಅವನು ನಿಲ್ಲಬೇಕು. ನಿಲ್ಲಿಸಿ ರೇಟು ಏರಿಸಿ ಹೇಳಬೇಕು.

ಅವನು ನಿಲ್ಲಲಿಲ್ಲ. ಹತ್ತಿ ಎಂದ, ಹುಣಸೆಹಣ್ಣು ಎಂದ, ಒಣಮೆಣಸಿನಕಾಯಿ ಎಂದ. ನಾಲಿಗೆ ಸೇದಲಿಲ್ಲ. ಲಕ್ಷ್ಮಣಪ್ಪನ ಕೈ ನಿಧಾನವಾಗಿ ಕೆಳಗಿಳಿಯಿತು. ಚಿತ್ತಪ್ಪ ಗೂಡಿಗೆ ಹತ್ತಿರ ಸರಿದು, ಮಾತಿನ ನಡುವೆಯೇ “ಹೂಂ” ಎಂದು ನೋಡಿದ. “ತಡಿಯಪ್ಪಾ” ಎಂದು ನೋಡಿದ. “ನಾನು ಚಿತ್ತಪ್ಪ” ಎಂದೂ ಹೇಳಿದ. ಪೆಟ್ಟಿಗೆ ಕೊಬ್ಬರಿಯ ಧಾರಣೆ ಹೇಳಿತು.

ಆದರೂ ಬಿಟ್ಟರೆ? ಬಿಡಲಿಲ್ಲ. “ಯಾವುದಕ್ಕೂ ಇರಲಿ, ಸಾಹೇಬ ಬರೋತನಕ ಅನ್ನು” ಎಂದು ಲಕ್ಷ್ಮಣಪ್ಪ ಅವನನ್ನು ಮತ್ತೆ ಕೂರಿಸಿದ. ಚಿತ್ತಪ್ಪ ಮತ್ತೆ ಶುರುಮಾಡಿದ. ಅಷ್ಟು ಹೊತ್ತು ನಂಬಿ ಅಂದ ಹೂಂ ಬೇರೆ, ಗೊತ್ತಿದ್ದೂ ಅಂದ ಹೂಂ ಬೇರೆ. ಬೀದಿಯ ಈಚೆಯಿಂದಲೇ ನನಗೆ ವ್ಯತ್ಯಾಸ ಕೇಳಿಸುತ್ತಿತ್ತು. ಹಂಪಕ್ಕ ತಲೆ ತಗ್ಗಿಸಿ ಒಂದೇ ಸಮನೆ ಬೀಜ ಬಿಡಿಸುತ್ತಿದ್ದಳು. ಸ್ವಲ್ಪ ಹೊತ್ತಿನಲ್ಲಿ ಅವನ ದನಿ ಒಡೆಯಿತು, ಆಮೇಲೆ ಪೂರ್ತಿ ಹೋಯಿತು.

ಸಂಜೆ ಸಾಹೇಬ ಬಂದ. ವಿಷಯ ಕೇಳಿ ಗಾಡಿಯ ಚಕ್ರ ಹಿಡಿದುಕೊಂಡು ನಕ್ಕ. “ಅದಕ್ಕೇನು ಕಿವಿ ಐತೇನ್ರಿ? ಅಲ್ಲಿ ಒಂದು ಕೋಣಿಯಾಗ ಕುಂತು ಓದ್ತಾರ, ಇಲ್ಲಿ ಕೇಳ್ತದ. ನೀವು ಸತ್ರೂ ಅವರಿಗೆ ತಿಳಿಯಂಗಿಲ್ಲ.”

ಚಿತ್ತಪ್ಪ ಅವನ ತೋಳು ಮುಟ್ಟಿ, ಬರೀ ತುಟಿಯಲ್ಲಿ ಏನೋ ಕೇಳಿದ. ಸಾಹೇಬ ಬಾಗಿ ಕಿವಿಗೊಟ್ಟು, “ಒಂದು ಸಲಾನೂ ಇಲ್ಲಪ್ಪ, ಒಂದು ಹೂಂನೂ ಮುಟ್ಟಿಲ್ಲ” ಎಂದ.

ಚಾವಡಿಗೆ ಚಾವಡಿಯೇ ನಕ್ಕಿತು. ಬೆಳಿಗ್ಗೆ ಅವನನ್ನು ಎಳೆದು ಕೂರಿಸಿದವರೇ ಎಲ್ಲರಿಗಿಂತ ಜೋರಾಗಿ ನಕ್ಕರು, ಲಕ್ಷ್ಮಣಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಆ ಯಜಮಾನನ ಮುಖಕ್ಕೆ ಒಂದು ಬುಟ್ಟಿ ಸಿಪ್ಪೆ ಸುರಿಯಬೇಕು ಅನ್ನಿಸಿತು ನನಗೆ. ಇಷ್ಟು ಶ್ರದ್ಧೆಯಿಂದ ಕೇಳಿದ ಊರನ್ನು ತಾನು ಎಲ್ಲೂ ಕಂಡಿಲ್ಲ, ಪೆಟ್ಟಿಗೆ ಇಲ್ಲೇ ಇರಲಿ ಎಂದು ಸಾಹೇಬ ಹೇಳಿ ಹೋದ. ಬೆಳುಗುಪ್ಪ ಸೋತಿತು.

ಚಿತ್ತಪ್ಪ ಬೀದಿ ದಾಟಿ ಪಡಸಾಲೆಗೆ ಬಂದ. ಇನ್ನೂ ಬೆಳಕಿತ್ತು. ಒಂದು ಚೀಲ ಉಳಿದಿದ್ದರಿಂದ ನಾವು ಕೂತೇ ಇದ್ದೆವು. ದೊಡ್ಡತಿಮ್ಮಪ್ಪ ಎದ್ದು ಮುಖ ತೊಳೆದು ಹೊಸ ಕತೆಗೆ ಅಣಿಯಾಗಿದ್ದ. ಎದುರಿಗೆ ಚಾಪೆಯ ಮೇಲೆ ಪೆದ್ದಣ್ಣ ಕೂತಿದ್ದ. ಚಿತ್ತಪ್ಪ ಅದನ್ನು ನೋಡಿದ. ಒಳಗೆ ಬರಲಿಲ್ಲ, ಕಂಬಕ್ಕೆ ಒರಗಿ ನಿಂತ. ಅವನ ಕಡೆ ನೋಡಲು ನನ್ನಿಂದ ಆಗಲಿಲ್ಲ.

“ಒಂದೂರಾಗ ಒಬ್ಬ ಮುದುಕಿ ಇದ್ಲು” ಎಂದ ದೊಡ್ಡತಿಮ್ಮಪ್ಪ.

“ಆಮ್ಯಾಕೆ?” ಎಂದ ಪೆದ್ದಣ್ಣ.

ದೊಡ್ಡತಿಮ್ಮಪ್ಪ ಮುಂದೆ ಹೋಗಲಿಲ್ಲ.

“ಆಮ್ಯಾಕೆ?” ಪೆದ್ದಣ್ಣ ಜೋರಾಗಿ ಕೇಳಿದ. ದೊಡ್ಡತಿಮ್ಮಪ್ಪ ಯಾರ ಕಡೆಗೂ ನೋಡದೆ, ತೊಡೆಯ ಮೇಲೆ ಕೈ ಇಟ್ಟುಕೊಂಡು ಸುಮ್ಮನೆ ಕೂತಿದ್ದ. ಆಚೆ ಚಾವಡಿಯಲ್ಲಿ ಪೆಟ್ಟಿಗೆ ಯಾವುದೋ ಹಾಡು ಹಾಡುತ್ತಲೇ ಇತ್ತು. ಪೆದ್ದಣ್ಣ ನಮ್ಮ ಮುಖ ನೋಡಿದ, ಕಂಬದ ಕಡೆ ನೋಡಿದ, ಮೂಟೆ ಹೊರುವುದಿದೆ ಎಂದು ಗೊಣಗಿ ಎದ್ದು ಹೋದ. ಆಗಲೂ ದೊಡ್ಡತಿಮ್ಮಪ್ಪ ಅಲ್ಲಾಡಲಿಲ್ಲ. ನಮ್ಮೆಲ್ಲರ ಕೈ ನಿಂತುಹೋಯಿತು.

“ಅನ್ರೀ” ಎಂದಳು ಹಂಪಕ್ಕ, ಮೆಲ್ಲಗೆ.

ಚಿತ್ತಪ್ಪ ಬಂದು ಕೂತ. ಬಾಯಿ ತೆರೆದ. ಏನೂ ಬರಲಿಲ್ಲ. ಮತ್ತೆ ತೆರೆದ. ಬರೀ ಗಾಳಿ. ಅವನ ಕಣ್ಣು ತುಂಬಿತು. ಅವನಿಗೆ ಎಲ್ಲರಿಗಿಂತ ಹತ್ತಿರ ಕೂತಿದ್ದವಳು ನಾನು, ನನಗೆ ಏನೆಂದರೆ ಏನೂ ಕೇಳಿಸಲಿಲ್ಲ.

“ಕೇಳಿಸ್ತಲೇ, ಅಷ್ಟು ಜೋರಾಗಿ ಯಾಕ ಅಂತಿ” ಎಂದ ದೊಡ್ಡತಿಮ್ಮಪ್ಪ. “ಆ ಮುದುಕಿಗೆ ಒಬ್ಬಾಕಿ ಮೊಮ್ಮಗಳಿದ್ಲು.”