ಬಿಟ್ಟ ಪದ

‘ಢೋಂಗಿ’ಯ ಪಕ್ಕದಲ್ಲಿ ‘ಸೋಗಲಾಡಿ’ಯನ್ನು ಕೂರಿಸಬಾರದು ಎಂದು ಬೀರಲಿಂಗನಿಗೆ ಅನ್ನಿಸಿತು. ಢೋಂಗಿಗೆ ತಾನು ಸುಳ್ಳೆಂದು ಗೊತ್ತಿರುತ್ತದೆ. ಸೋಗಲಾಡಿ ಅದನ್ನು ಎಂದೋ ಮರೆತಿರುತ್ತಾನೆ. ಎರಡನ್ನೂ ಬೇರೆ ಬೇರೆ ಸಾಲಿಗೆ ಹಾಕಲು ಹೇಳಿದ.

‘ಆಗ್ಲಿ ಸರ್,’ ಎಂದಳು ಆರತಿ, ಟೈಪು ಮಾಡುವುದನ್ನು ನಿಲ್ಲಿಸದೆ. ‘ಠಕ್ಕ, ವಂಚಕ, ಕಪಟಿ, ಡಾಂಭಿಕ. ನಮ್ಮ ಓಣ್ಯಾಗ ಇನ್ನೂ ಛಲೋ ಛಲೋ ಅದಾವ್ರಿ. ಹೇಳ್ಲೇನು?’

‘ಸಾಲಿ ಹುಡುಗ್ರ ಪದಕೋಶ ಐತಿ ಇದು.’

‘ಹುಡುಗ್ರಿಗೆ ನಮಗಿಂತ ಹೆಚ್ಚು ಗೊತ್ತಿರ್ತಾವ ತಗೋರಿ.’ ಆಮೇಲೆ ತಲೆ ಎತ್ತಿ ಕೇಳಿದಳು: ‘ಅಳಲೆಕಾಯಿ ಪಂಡಿತ ಅನ್ನೂದನ್ನ ಯಾಕ ಹೊಡದು ಹಾಕೀರಿ?’

‘ಹಳೇದಾತು. ಈಗ ಯಾರೂ ಅನ್ನೂದಿಲ್ಲ.’

‘ಹಂಗಾದ್ರ ನಕಲಿ ಡಾಕ್ಟರ್ ಅಂತಾದ್ರೂ ಹಾಕ್ಲೇನು?’

‘ಬ್ಯಾಡ,’ ಎಂದ. ಸ್ವಲ್ಪ ಜೋರಾಗಿಯೇ.

ದೇಶಪಾಂಡೆ ನಗರದ ಆ ಪ್ರಕಾಶನದ ಕೋಣೆಯಲ್ಲಿ ಅವನನ್ನು ಎಲ್ಲರೂ ಡಾಕ್ಟರ್ ಬೀರಲಿಂಗ ಎನ್ನುತ್ತಿದ್ದರು. ಧಾರವಾಡದಲ್ಲಿ ಪಿಎಚ್.ಡಿ.ಗೆ ಹೆಸರು ಹಚ್ಚಿ, ಅರ್ಧಕ್ಕೆ ಬಿಟ್ಟು ಬಂದಿದ್ದ. ಅವನ ಮೊದಲ ಪುಸ್ತಕದ ಮುಖಪುಟದ ಕರಡು ಬಂದಾಗ ಹೆಸರಿನ ಹಿಂದೆ ‘ಡಾ.’ ಇತ್ತು. ಕರಡು ತಿದ್ದುವುದು ಅವನ ಹೊಟ್ಟೆಪಾಡು. ಒಂದು ಒತ್ತು, ಒಂದು ಕೊಂಬು ಬಿಟ್ಟವನಲ್ಲ. ಆ ಒಂದು ಅಕ್ಷರವನ್ನೂ ಅದರ ಚುಕ್ಕೆಯನ್ನೂ ನೋಡಿದ. ನೋಡಿ ಮುಂದಕ್ಕೆ ಹೋದ.

ಪುಸ್ತಕ ಊರಿಗೂ ಹೋಯಿತು. ಅಲ್ಲಿ ಡಾಕ್ಟರ್ ಎಂಬುದಕ್ಕೆ ಒಂದೇ ಅರ್ಥ. ತಾಯಿ ಸತ್ತ ಮೇಲೆ ಅವನನ್ನು ಬೆಳೆಸಿದ ದೊಡ್ಡವ್ವ ಹನುಮವ್ವ ಅದನ್ನು ಮನೆಮನೆಗೆ ಹೇಳಿದಳು. ಜನ ಫೋನಿನಲ್ಲಿ ಎಕ್ಸ್‌ರೇ ಕಳಿಸತೊಡಗಿದರು. ‘ದೊಡ್ಡ ದವಾಖಾನಿಗೆ ತೋರಸ್ರಿ’ ಎಂದು ಎಲ್ಲರಿಗೂ ಒಂದೇ ಉತ್ತರ ಬರೆಯುತ್ತಿದ್ದ. ಕೆಲವರು ಗುಣವಾದರು. ಅವನ ಹೆಸರು ಇನ್ನಷ್ಟು ಬೆಳೆಯಿತು.

ಫೋನು ಬಡಿದುಕೊಂಡಿತು.

‘ಬೀರಾ, ಚಿಗರಿ ಅಂತಾರಲ್ಲ, ಆ ಸಿಟಿ ಬಸ್ಸಿನ್ಯಾಗ ಕುಂತೇನಿ.’ ದೊಡ್ಡವ್ವ ಕೂಗುತ್ತಿದ್ದಳು. ‘ನನ್ನ ಮಗ ಡಾಕ್ಟರ್ ಅದಾನ ಅಂದ್ನಿ. ಹಂಗಾದ್ರ ವಿದ್ಯಾನಗರದಾಗ ಇಳೀರಿ, ದೊಡ್ಡ ದವಾಖಾನಿ ಅಲ್ಲೇ ಐತಿ ಅಂದ್ಲು ಒಬ್ಬಾಕಿ. ಹೌದಿಲ್ಲೋ?’

‘ಯಾಕ ಬಂದಿ?’

‘ಬರಬಾರದೇನು?’

ಅವನು ಹೋಗುವಷ್ಟರಲ್ಲಿ ಅವಳು ನಿಲ್ದಾಣದ ಉಕ್ಕಿನ ಕುರ್ಚಿಯಲ್ಲಿ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಕುಪ್ಪಸ ಸಡಿಲಾಗಿತ್ತು. ಮುಖ ಸಣ್ಣದಾಗಿತ್ತು.

‘ಬಗಲಾಗ ಗಂಟಾಗೇತಿ,’ ಎಂದಳು, ಹವಾಮಾನ ಹೇಳುವ ಹಾಗೆ. ‘ಹ್ವಾದ ಉಗಾದಿ ಮುಂದ ಕಡ್ಲಿಯಷ್ಟಿತ್ತು. ಈಗ ಲಿಂಬಿಕಾಯಿ.’

‘ಉಗಾದಿಯಿಂದ ಯಾರಿಗೂ ತೋರಸಿಲ್ಲೇನು?’

‘ಯಾರಿಗೆ ತೋರಸ್ಲಿ? ಊರಿಗೆ ಒಬ್ಬ ಅಳಲಿಕಾಯಿ ಪಂಡಿತ ಬಂದಿದ್ದ. ಬೇರು ತೇದು ಹಚ್ಚಿದ್ರ ಕರಗತೈತಿ ಅಂದ. ಓಡಿಸಿ ಬಿಟ್ಟೆ. ಮನ್ಯಾಗ ಖರೇ ಡಾಕ್ಟರ್ ಇಟಗೊಂಡು ಅವನ್ನ ಯಾಕ ನಂಬ್ಲಿ?’

ಬೆಳಿಗ್ಗೆ ಅವನು ಹೊಡೆದು ಹಾಕಿದ ಪದ. ಅವಳ ಬಾಯಲ್ಲಿ ಅದು ಸ್ವಲ್ಪವೂ ಹಳೆಯದಾಗಿರಲಿಲ್ಲ.

ಹೇಳಬೇಕು ಎಂದುಕೊಂಡ. ರಸ್ತೆ ದಾಟುವಾಗ ಹೇಳಬೇಕು. ಲಾರಿ ಬಂತು. ಆಸ್ಪತ್ರೆಯ ಮೆಟ್ಟಿಲ ಬಳಿ ಹೇಳಬೇಕು. ಅವಳು ಚಪ್ಪಲಿ ಬಿಚ್ಚಿ, ಗುಡಿಗೆ ಬಂದವಳಂತೆ ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡಳು. ‘ಇಲ್ಲೇನು ನೀ ಕೂಡೂದು?’ ಎಂದಳು. ‘ಇಲ್ಲಲ್ಲ’ ಎಂದ. ಅದು ನಿಜ. ಅಷ್ಟಕ್ಕೇ ನಿಲ್ಲಿಸಿದ.

ಕೌಂಟರಿನ ಹುಡುಗಿ ಕೇಳಿದಳು: ‘ಪೇಶಂಟಿಗೆ ನೀವು ಏನಾಗ್ಬೇಕ್ರಿ?’

‘ಮಗ,’ ಎಂದಳು ಹನುಮವ್ವ, ಅವನಿಗಿಂತ ಮೊದಲೇ. ‘ಡಾಕ್ಟರ್ ಅದಾನ.’

ಹುಡುಗಿ ನೆಟ್ಟಗೆ ಕೂತಳು. ‘ಸಾರಿ ಸರ್. ಯಾವ ಡಿಪಾರ್ಟ್‌ಮೆಂಟ್ ಸರ್?’

‘ಕನ್ನಡ,’ ಎಂದ.

ಹುಡುಗಿಯ ಬೆರಳುಗಳು ನಿಂತವು.

‘ಹೌದವ್ವಾ, ಕನ್ನಡದಾಗ ತಿಳಿಸಿ ಹೇಳ್ತಾನ,’ ಹನುಮವ್ವ ಸುತ್ತಲಿನವರಿಗೂ ಕೇಳುವಂತೆ ಹೇಳಿದಳು. ‘ಉಳದವರಂಗ ಇಂಗ್ಲೀಷಿನ್ಯಾಗ ಹೆದರಸೂದಿಲ್ಲ.’

ಹುಡುಗಿ ಅವನನ್ನು ನೋಡಿದಳು. ಅವಳಿಗೆ ತಿಳಿಯಿತೆಂದು ಅವನಿಗೆ ತಿಳಿಯಿತು. ಚೀಟಿ ಹರಿದು ಕೊಟ್ಟಳು. ‘ಒಳಗ ಲೇಡಿ ಡಾಕ್ಟರ್ ಅದಾರ. ಹೆಸರು ಕರೀತಾರ, ಕೂಡ್ರಿ.’ ಈ ಸಲ ‘ಸರ್’ ಇರಲಿಲ್ಲ.

ಎದುರು ಬೆಂಚಿನಲ್ಲಿ ಹಿರಿಯ ನರ್ಸೊಬ್ಬಳು ಕಲಿಯಲು ಬಂದವಳನ್ನು ಬಯ್ಯುತ್ತಿದ್ದಳು. ಕಲಿಯುವವಳು ಒಬ್ಬ ಮುದುಕನ ಮಣಿಕಟ್ಟು ಹಿಡಿದಿದ್ದಳು. ‘ಹೆಬ್ಬಟ್ಟಿಲೆ ಹಿಡೀಬ್ಯಾಡ ಅಂತ ಎಷ್ಟು ಸಲ ಹೇಳ್ಬೇಕು ನಿನಗ? ಹೆಬ್ಬಟ್ಟಿನ್ಯಾಗ ನಿಂದ ನಾಡಿ ಬಡೀತೈತಿ. ಅಜ್ಜ ಸತ್ತಿದ್ರೂ ನಿನಗ ಗೊತ್ತಾಗೂದಿಲ್ಲ.’

‘ಇನ್ನೂ ಅದೇನಿ ತಂಗಿ,’ ಎಂದ ಮುದುಕ. ಸುತ್ತಲಿನವರು ನಕ್ಕರು. ಬೀರಲಿಂಗನೂ ನಕ್ಕ. ನಗು ಮುಗಿದ ಮೇಲೆ ಬಾಯಿ ಹಾಗೇ ಉಳಿದಂತೆನಿಸಿತು.

‘ಬೀರಾ,’ ಹನುಮವ್ವ ದನಿ ತಗ್ಗಿಸಿದಳು. ‘ನಾ ಒಳಗ ಹೋಗೂದಿಲ್ಲ. ನೀನ ನೋಡು. ನೀನ ಔಷಧ ಕೊಡು.’

‘ಹೆಣ್ಮಗಳ ಅದಾಳ ದೊಡ್ಡವ್ವ. ಭಾಳ ಓದಿದಾಕಿ.’

‘ಆಕಿ ಖರೇ ಡಾಕ್ಟರ್ ಅಂತ ನನಗೇನ ಗೊತ್ತು? ಗ್ವಾಡಿಗೆ ಬೋರ್ಡ್ ಹಾಕಿದವ್ರೆಲ್ಲ ಡಾಕ್ಟರೇನು? ನಿನ್ನ ನಾ ಬೆಳಿಸೇನಿ. ಆಗೂದಿಲ್ಲ ಅಂದ್ರ ಈಗ ಎದ್ದು ಊರಿಗೆ ಹೊಕ್ಕೇನಿ.’

ಹೋಗುತ್ತಾಳೆ. ಅವಳು ಹೇಳಿದ್ದನ್ನು ಮಾಡುವವಳು. ಹೋದರೆ ಮತ್ತೆ ಬರುವುದಿಲ್ಲ.

‘ದೊಡ್ಡವ್ವ, ನಾನು...’

ಬೆಳಗಿನಿಂದ ಆರಿಸಿ ಸಾಲಿಗೆ ಹಚ್ಚಿದ ಪದಗಳೆಲ್ಲ ಬಾಯಿಗೆ ಬಂದವು. ಯಾವುದೂ ‘ನಾನು’ ಎಂಬುದರ ಮುಂದೆ ನಿಲ್ಲಲಿಲ್ಲ.

‘ನೀನ ಮತ್ತ,’ ಎಂದಳು ಅವಳು, ವಾಕ್ಯ ಅಲ್ಲಿಗೆ ಮುಗಿಯಿತೆಂಬಂತೆ. ಬಳೆ ಹಿಂದಕ್ಕೆ ಸರಿಸಿ ಕೈ ಚಾಚಿದಳು. ‘ಹಿಡಿ.’

ಹಿಡಿದ. ಎಲುಬಿನ ಮೇಲೆ ಬರೀ ಚರ್ಮ. ಆದರೆ ನಾಡಿ ಇತ್ತು. ಗಟ್ಟಿಯಾಗಿ, ಯಾರೋ ಬೆನ್ನಟ್ಟಿದಂತೆ ಓಡುತ್ತಿತ್ತು. ಇಷ್ಟು ಬಲವಿದ್ದರೆ ಭಯವಿಲ್ಲ ಎಂದು ಒಂದು ಕ್ಷಣ ಸಮಾಧಾನವೂ ಆಯಿತು.

‘ಹನುಮವ್ವ ಯಾರ್ರಿ?’ ಒಳಗಿನಿಂದ ಕರೆದರು.

ಅವಳು ಏಳಲಿಲ್ಲ. ಅವನ ಮುಖವನ್ನೇ ನೋಡುತ್ತಿದ್ದಳು. ‘ಏನ ಅಂತೈತಿ?’

ಆಗ ಅವನು ತನ್ನ ಕೈ ನೋಡಿಕೊಂಡ. ಅವಳ ಮಣಿಕಟ್ಟಿನ ಮೇಲಿದ್ದದ್ದು ಹೆಬ್ಬೆರಳು.

ತೆಗೆದು ಉಳಿದ ಬೆರಳುಗಳನ್ನು ಇಟ್ಟ. ಅಲ್ಲಿ ಒತ್ತಿದ, ಇಲ್ಲಿ ಒತ್ತಿದ. ಎಲ್ಲಿಯೂ ಏನೂ ಸಿಗಲಿಲ್ಲ. ಮೆಲ್ಲಗೆ ಹೆಬ್ಬೆರಳನ್ನು ಮತ್ತೆ ಅಲ್ಲಿಯೇ ಇಟ್ಟ.

‘ಹನುಮವ್ವ ಅನ್ನಾವ್ರು ಅದಾರೇನ್ರಿ?’ ಬಾಗಿಲಲ್ಲಿ ನಿಂತು ಮತ್ತೊಮ್ಮೆ ಕೂಗಿದರು. ಅವನ ಹೆಬ್ಬೆರಳ ಕೆಳಗೆ ಅದು ಬಡಿಯುತ್ತಲೇ ಇತ್ತು.