ದತ್ತಕಕ್ಕೆ ತಂದ ಕೂಸು

"ಒಳಗ ಬಾರವಾ, ಬಿಸಲಾಗ ಯಾಕ ನಿಂತಿ?" ಎಂದು ಚನ್ನವ್ವ ಹೊಸ್ತಿಲಿನಿಂದ ಕರೆದಾಗ ಉದ್ದವ್ವ ಸೆರಗನ್ನು ಇನ್ನಷ್ಟು ಮುಂದಕ್ಕೆಳೆದುಕೊಂಡಳು.

"ಇಲ್ಲೇ ಛಲೋ ಗಾಳಿ ಐತ್ರಿ ಅಕ್ಕಾರ."

ಗಾಳಿ ಎಲ್ಲಿಯೂ ಇರಲಿಲ್ಲ. ಹುಕ್ಕೇರಿಯ ಪೇಟೆಯ ಮೇಲೆ ಮಧ್ಯಾಹ್ನವು ಕಾದ ಹಂಚಿನಂತೆ ಕವುಚಿಕೊಂಡಿತ್ತು. ಬೆಲ್ಲದ ಪೆಂಟೆಗಳ ಮೇಲಿನ ನೊಣಗಳಿಗೂ ಹಾರುವ ಮನಸ್ಸಿರಲಿಲ್ಲ. ನರ್ಸಮ್ಮನಿಂದ ಎರವಲು ತಂದ ಬಿಳಿ ಸೀರೆಯಲ್ಲಿ ಉದ್ದವ್ವ ಕಟ್ಟೆಯ ಕೆಳಗೇ ನಿಂತಳು. ಘಟಪ್ರಭೆಯ ದವಾಖಾನೆಯ ಕಂಪೌಂಡರ್ ರಾಜಪ್ಪ ಅವಳನ್ನು "ನಮ್ಮ ಆಯಾ" ಎಂದು ಆಗಲೇ ಪರಿಚಯಿಸಿದ್ದ. ಅವಳ ಕೇರಿಯ ಹೆಸರನ್ನು ಬಸ್ಸಿನಲ್ಲಿಯೇ ಬಿಟ್ಟು ಇಳಿದಿದ್ದ.

ಯಾರೋ ದವಾಖಾನೆಯ ಮೆಟ್ಟಿಲ ಮೇಲೆ ಬಿಟ್ಟುಹೋದ ಹಸುಗೂಸನ್ನು ಉದ್ದವ್ವನ ಉಡಿಗೆ ಹಾಕಿದವನೂ ಅವನೇ. ಆಗ ಅವಳು ತನ್ನ ಕೂಸನ್ನು ಮಣ್ಣಿಗಿಟ್ಟು, ಎದೆಹಾಲು ಕಟ್ಟಿ ನರಳುತ್ತಿದ್ದಳು. ಊರ ಹೊರಗಿನ ಕೇರಿಯಲ್ಲಿ, ಅವಳ ಗುಡಿಸಲಲ್ಲಿ ಆ ಕೂಸು ಇಂದ್ರಿಯಾಗಿ ನಾಲ್ಕು ವರ್ಷ ಬೆಳೆಯಿತು. ಈಗ ದೊಡ್ಡ ಡಾಕ್ಟರರು ಹೇಳಿಬಿಟ್ಟಿದ್ದರು: ದತ್ತಕ ಒಯ್ಯುವವರು ಸಿಗದಿದ್ದರೆ ಹುಡುಗಿ ಬೆಳಗಾವಿಯ ಅನಾಥಾಶ್ರಮಕ್ಕೆ.

"ನಾನಽ ಇಟ್ಕೊಂತೇನ್ರಿ," ಎಂದಿದ್ದಳು ಉದ್ದವ್ವ.

ರಾಜಪ್ಪ ನಕ್ಕಿದ್ದ. "ನೀನಽ ಮಂದಿ ಹೊಲಾ ಕಳೆ ತಗದು ಹೊಟ್ಟಿ ಹೊರೀತಿ. ಮಕ್ಕಳಿಲ್ಲದ ಹುಕ್ಕೇರಿ ಅಣ್ಣಪ್ಪ ಸಾವಕಾರ್ರ ಮನ್ಯಾಗ ಇದು ತುಪ್ಪಾ ಉಂಡು ಸಾಲಿ ಕಲೀತೈತಿ. ಕೂಸಿನ ನಸೀಬಕ್ಕ ಅಡ್ಡ ಮಲಗಬ್ಯಾಡ."

ಆ ಮಾತಿಗೆ ಅವಳು ಸೋತಳು. ಸೋತ ಮೇಲೆ ಮಗುವನ್ನು ಗೆಲ್ಲಿಸಲು ಹಟ ತೊಟ್ಟಳು. ಮೀನಿನ ಸುದ್ದಿ ಎತ್ತಬಾರದು. ಹಿರಿಯರನ್ನು ಕಂಡೊಡನೆ 'ಶರಣ್ರಿ' ಅನ್ನಬೇಕು. ಗುಡಿಸಲು, ಕೇರಿ ಎಂಬ ಮಾತೇ ಬಾಯಲ್ಲಿ ಬರಬಾರದು. ಇಂದ್ರಿ ಎಲ್ಲವನ್ನೂ ಕಲಿತಳು.

ಈಗ ಒಳಗೆ ಅವಳು "ಶರಣ್ರೀ" ಎಂದು ರಾಗವೆಳೆದದ್ದಕ್ಕೆ ಅಣ್ಣಪ್ಪನಿಗೆ ಗಾಂಧಿ ಟೊಪ್ಪಿಗೆ ಅಲುಗುವಷ್ಟು ನಗು ಬಂತು. ಚನ್ನವ್ವ ಅವಳನ್ನು ತೊಡೆಯ ಮೇಲೆ ಎಳೆದುಕೊಂಡಳು.

"ನೋಡ್ರಿ, ಥೇಟ್ ನಮ್ಮತ್ತಿ ಮಾರಿ ಇಟ್ಟಂಗೈತಿ."

"ನಮ್ಮವ್ವನ ಮಾರಿ ಅಂದ್ರ ಬಾಯೀನೂ ಅಕಿದಽ ಇರತೈತಿ. ನಿನಗ ಸೊಸಿತನ ತಪ್ಪಲಿಲ್ಲ ಬಿಡು!"

"ಹಡದವರು ಯಾರಂತ ಗೊತ್ತಿಲ್ರಿ," ರಾಜಪ್ಪ ಕೆಮ್ಮಿದ. "ಅದನ್ನ ಮೊದಲಽ ಹೇಳೇನಿ."

"ನಾವು ಬಸವಣ್ಣನ ಒಕ್ಕಲು ರಾಜಪ್ಪ, ಹುಟ್ಟು ಕೇಳಾಂಗಿಲ್ಲ. ನಿಡಸೋಸಿ ಮಠಕ್ಕ ಹೋಗಿ ಲಿಂಗಾ ಕಟ್ಟಿಸಿದ್ರ ಕೂಸು ನಮ್ದು," ಎಂದ ಅಣ್ಣಪ್ಪ.

ಹೊರಗೆ ಉದ್ದವ್ವನ ಎದೆ ಹಗುರವಾಯಿತು. ಹಗುರವಾದ ಜಾಗವೇ ನೋಯತೊಡಗಿತು.

ಶೇಂಗಾ ಉಂಡೆ ತಿನ್ನುತ್ತ ಇಂದ್ರಿಗೆ ಬಿಕ್ಕಳಿಕೆ ಹತ್ತಿತು. ಚನ್ನವ್ವ ಓಡಿಹೋಗಿ ತಂಬಿಗೆಯಲ್ಲಿ ನೀರು ತಂದಳು. "ತಗೋ ನನ್ನವ್ವಾ, ಕುಡಿ."

ಇಂದ್ರಿ ತಂಬಿಗೆಯನ್ನು ಮುಟ್ಟಲಿಲ್ಲ. ಲಗುಬಗೆಯಿಂದ ಎದ್ದು, ಪಡಸಾಲೆಯನ್ನು ದಾಟಿ, ಹೊಸ್ತಿಲಾಚೆ ಕಟ್ಟೆಯ ಅಂಚಿನಲ್ಲಿ ಕುಕ್ಕರಿಸಿದಳು. ಎರಡೂ ಅಂಗೈ ಜೋಡಿಸಿ ಬಾಯಿಗೆ ಹಿಡಿದು, ಮೇಲಿನಿಂದ ನೀರು ಬೀಳುವುದನ್ನು ಕಾದಳು.

ಸರಿಯಾಗಿ ನಡೆಯಲು ಬರುವ ಮೊದಲೇ ಉದ್ದವ್ವ ಕಲಿಸಿದ್ದು ಅದು, ಊರವರ ಪೆಟ್ಟು ತಿನ್ನದಿರಲೆಂದು. ಉಳಿದುದೆಲ್ಲವನ್ನೂ ಮರೆಸಿದ್ದಳು. ಇಂಥ ಮನೆಗಳಲ್ಲಿ ನೀರನ್ನು ಬೇರೆ ರೀತಿಯಿಂದಲೂ ಕುಡಿಯುತ್ತಾರೆಂಬುದು ಅವಳಿಗೆ ಹೊಳೆದೇ ಇರಲಿಲ್ಲ.

ಅಣ್ಣಪ್ಪ ಕೂಸನ್ನು ನೋಡಿದ. ಕಟ್ಟೆಯ ಕೆಳಗಿನ ಬಿಳಿ ಸೀರೆಯನ್ನು ನೋಡಿದ.

"ರಾಜಪ್ಪ, ಘಟಪ್ರಭಾ ಬಸ್ಸು ಇನ್ನ ಐತೇನು?"

"ಸಾವಕಾರ್ರ, ಕೂಸಿಗೇನ ತಿಳೀತೈತ್ರಿ..."

"ಬಸ್ಸು ಐತೇನ ಅಂತ ಕೇಳಿದ್ನಿ."

"ಅವ್ವಾರ, ನೀರ," ಎಂದಳು ಇಂದ್ರಿ, ಬೊಗಸೆಯೊಳಗಿನಿಂದ.

ಚನ್ನವ್ವ ಗಂಡನ ಮುಖ ನೋಡಿದಳು. ಕೂಸು ಕುಳಿತಿದ್ದಲ್ಲಿ ಅವಳ ಸೀರೆ ಇನ್ನೂ ಮುದುಡಿತ್ತು. ಆ ನೆರಿಗೆಗಳನ್ನು ಎಡಗೈಯಿಂದ ಒಟ್ಟುಗೂಡಿಸಿ, ಕೂಸಿಗೆ ತಾಗದಂತೆ ಹಿಂದಕ್ಕೆ ಹಿಡಿದುಕೊಂಡು, ಕಟ್ಟೆಗೆ ಬಂದು, ತಂಬಿಗೆಯನ್ನು ಎತ್ತರಕ್ಕೆತ್ತಿ ಬಗ್ಗಿಸಿದಳು. ನೀರು ಸಣ್ಣ ದಾರವಾಗಿ ಇಳಿಯಿತು. ಇಂದ್ರಿ ಕಣ್ಣು ಮುಚ್ಚಿ ಕುಡಿದಳು. ಸಾಕೆಂದು ತಲೆಯಾಡಿಸಿ, ಒದ್ದೆ ಮುಖವನ್ನು ಉದ್ದವ್ವನ ಕಡೆ ತಿರುಗಿಸಿ, ಶಾಬಾಸ್‌ಗಿರಿ ಬೇಡುವವಳಂತೆ ನಕ್ಕಳು. ಕಟ್ಟೆಯ ಕಲ್ಲಿನ ಮೇಲೆ ಒಂದು ಹನಿಯೂ ಬಿದ್ದಿರಲಿಲ್ಲ.