ಐದು ಗಂಟೆಯೊಳಗೆ ಒಂದು ಹಾಡು

ಭಾನುವಾರ ಮದುವೆ. ಮೊದಲ ಕುಣಿತಕ್ಕೆ ಯಾವ ಹಾಡು ಎಂದು ಗುರುವಾರ ಸಂಜೆ ಐದರೊಳಗೆ ತಿಳಿಸದಿದ್ದರೆ ತನಗೆ ತೋಚಿದ್ದನ್ನು ಹಾಕಿಬಿಡುತ್ತೇನೆ ಎಂದು ಸೌಂಡ್ ಸಿಸ್ಟಮ್ಮಿನವನು ಕಡ್ಡಿ ಮುರಿದ ಹಾಗೆ ಹೇಳಿದ್ದ. ಗಂಡು ಹೆಣ್ಣು ಇಬ್ಬರೇ ಎಲ್ಲರೆದುರು ಕುಣಿಯುವ ಹಾಡು ಅದು. ಅದು ಮುಗಿದ ಮೇಲೆ ಉಳಿದವರು ಇಳಿಯುತ್ತಾರೆ. ಗುರುವಾರ ಬೆಳಿಗ್ಗೆ ಮದುಮಗಳ ಫೋನಿನಲ್ಲಿ ಹದಿನಾಲ್ಕು ಹಾಡುಗಳಿದ್ದವು. ಹದಿನಾಲ್ಕಕ್ಕೂ ಮದುಮಗ "ಸರಿ" ಅಂದಿದ್ದ.

ಹಾಡು ಸಿಗಲಿಲ್ಲವೆಂದು ಅವಳು ಒದ್ದಾಡುತ್ತಿರಲಿಲ್ಲ. ಹದಿನಾಲ್ಕು ಹಾಡಿಗೆ ಸರಿ ಅಂದವನು ಮದುವೆಗೂ ಹೀಗೆಯೇ ಸರಿ ಅಂದನೇ ಎಂದು ಒದ್ದಾಡುತ್ತಿದ್ದಳು.

ಕಟ್ಟಡ ಕಟ್ಟುವ ಜಾಗದಲ್ಲಿ ಕ್ರೇನಿಗೆ ದಾರಿ ಹೇಳುವುದು ಅವಳ ಕೆಲಸ. ನಲವತ್ತು ಮೀಟರ್ ಮೇಲೆ, ಗಾಜಿನ ಗೂಡಿನಲ್ಲಿ ಕೂತು ಕ್ರೇನ್ ನಡೆಸುವುದು ಅವನ ಕೆಲಸ. ಅಷ್ಟು ಎತ್ತರದಿಂದ ಕೆಳಗಿನ ಮೂಲೆಮುಡುಕು ಕಾಣುವುದಿಲ್ಲ. ಕಂಬಿಯ ಕಟ್ಟು ಎಲ್ಲಿ ಇಳಿಯಬೇಕು, ಕಾಂಕ್ರೀಟಿನ ಬಕೆಟ್ಟು ಯಾವ ಗೋಡೆಗೆ ತಾಗದಂತೆ ತಿರುಗಬೇಕು ಎಂದು ಅವಳು ವಾಕಿಟಾಕಿಯಲ್ಲಿ ಹೇಳಬೇಕು. ಅವಳು ಹೇಳಿದ್ದನ್ನು ಅವನು ಒಂದಕ್ಷರ ಬಿಡದೆ ತಿರುಗಿ ಹೇಳಬೇಕು. ಆಮೇಲೆಯೇ ಕೊಕ್ಕೆ ಅಲುಗುವುದು.

"ಎರಡು ಮೀಟರ್ ಎಡಕ್ಕೆ."

"ಎರಡು ಮೀಟರ್ ಎಡಕ್ಕೆ."

"ನಿಧಾನ ಇಳಿಸು."

"ನಿಧಾನ ಇಳಿಸು."

ಮಾತು ಸರಿಯಾಗಿ ಮುಟ್ಟಿತು ಎಂಬುದಕ್ಕೆ ಅದೇ ಗುರುತು. ಎರಡು ವರ್ಷದಿಂದ ಇಬ್ಬರೂ ದಿನಕ್ಕೆ ಎಂಟು ಗಂಟೆ ಹೀಗೆಯೇ ಮಾತಾಡಿದ್ದರು. ಕೆಲಸದವರು ಅವನಿಗೆ ಮೇಲಿನವನು ಎಂದೇ ಹೆಸರಿಟ್ಟಿದ್ದರು. ಕಂಬಿ ಊಟಕ್ಕೆ ಮುಂಚೆ ಬರುತ್ತದೆಯೇ ಎಂದು ಯಾರಾದರೂ ಕೇಳಿದರೆ, "ಎಲ್ಲಾ ಮೇಲಿನವನ ಕೈಲಿದೆ" ಎಂದು ಕೈ ಮುಗಿದು ನಗುವರು.

ಎಂಟು ತಿಂಗಳ ಹಿಂದೆ ಒಂದು ಸಂಜೆ, ಕೊನೆಯ ಹೊರೆ ಇಳಿದು ಕೊಕ್ಕೆ ಮೇಲೇರುತ್ತಿದ್ದಾಗ, ಅವಳು ವಾಕಿಟಾಕಿಯ ಗುಂಡಿ ಒತ್ತಿ, "ನಾವು ಮದುವೆ ಆಗೋಣ" ಅಂದುಬಿಟ್ಟಳು. ತಿಂಗಳುಗಟ್ಟಲೆ ಬಾಯಿಯೊಳಗೇ ಇದ್ದ ಮಾತು, ಅವತ್ತು ತಡೆಯಲಾಗಲಿಲ್ಲ.

"ನಾವು ಮದುವೆ ಆಗೋಣ," ಎಂದು ಮೇಲಿನಿಂದ ಬಂತು. ಎರಡು ಮೀಟರ್ ಎಡಕ್ಕೆ ಎನ್ನುವ ಅದೇ ದನಿ.

ಅದೇ ಚಾನೆಲ್ಲಿನಲ್ಲಿ ಇನ್ನೂ ನಾಲ್ಕು ಜನರಿದ್ದರು. "ನಂಗೂ ಕೇಳಿಸ್ತು, ಸಾಕ್ಷಿ ಬೇಕಾದ್ರೆ ಕರೀರಮ್ಮ" ಎಂದು ಕಾಂಕ್ರೀಟಿನವನು ಕೂಗಿದ. ಅಲ್ಲಿಗೆ ಮಾತು ಪಕ್ಕಾ ಆಯಿತು. ಎರಡೂ ಮನೆಯವರು ಒಪ್ಪಿದರು, ಹಾಲ್ ಗೊತ್ತಾಯಿತು, ಬಟ್ಟೆ ಹೊಲಿಯಲು ಕೊಟ್ಟದ್ದಾಯಿತು. ಎಂಟು ತಿಂಗಳಲ್ಲಿ ಅವಳು ಇದರ ಬಗ್ಗೆ ಒಂದು ದಿನವೂ ತಲೆ ಕೆಡಿಸಿಕೊಂಡಿರಲಿಲ್ಲ. ಕೆಡಿಸಿದ್ದು ಬುಧವಾರ, ಅವನ ತಾಯಿ.

ಬಟ್ಟೆಯ ಅಳತೆ ನೋಡಲು ಅತ್ತೆ ಸೊಸೆ ಇಬ್ಬರೂ ದರ್ಜಿಯ ಹತ್ತಿರ ಹೋಗಿದ್ದರು. "ಅತ್ತೆ, ಅವನಿಗೆ ಯಾವ ಹಾಡು ಇಷ್ಟ? ಕೇಳಿದ್ರೆ ಬಾಯೇ ಬಿಡಲ್ಲ" ಎಂದು ಅವಳು ಸುಮ್ಮನೆ ಕೇಳಿದಳು.

"ಅವನಾ?" ಅತ್ತೆ ಅಭಿಮಾನದಿಂದಲೇ ನಕ್ಕರು. "ಸಣ್ಣವನಿದ್ದಾಗಿಂದ ಹಾಗೇ ಕಣಮ್ಮ. ಬೇಡ ಅನ್ನೋದೇ ಬರಲ್ಲ ಅವನಿಗೆ. ಮೂರು ವರ್ಷದ ಹಿಂದೆ ಒಂದು ಸಂಬಂಧ ಬಂದಿತ್ತು. ಹೇಗಪ್ಪಾ ಅಂದೆ, ಹೂಂ ಅಂದ. ಕೊನೆಗೆ ಹುಡುಗಿ ಕಡೆಯವರೇ ಬೇಡ ಅಂದ್ರು. ಅದಕ್ಕೂ ಹೂಂ ಅಂದ. ಬಂಗಾರದಂಥ ಹುಡುಗ."

ದರ್ಜಿ ತೋಳಿನ ಹತ್ತಿರ ಗುಂಡುಸೂಜಿ ಚುಚ್ಚುತ್ತಿದ್ದಳು. "ಅಲುಗಾಡಬೇಡಿ" ಎಂದು ಎರಡು ಸಲ ಹೇಳಿದಳು.

ಅವತ್ತು ಸಂಜೆ ಅವಳ ಅಕ್ಕನ ಅಂಗಡಿಯಲ್ಲಿ ಕುಣಿತದ ಅಭ್ಯಾಸ. ಅಕ್ಕನದು ಕೂದಲು ಕತ್ತರಿಸುವ ಅಂಗಡಿ. ಗಿರಾಕಿಗಳು ಹೋದ ಮೇಲೆ ಕುರ್ಚಿಗಳನ್ನು ಗೋಡೆಗೆ ಸರಿಸಿ, ನೆಲದ ಕೂದಲು ಗುಡಿಸಿ ಜಾಗ ಮಾಡಿಕೊಟ್ಟಿದ್ದಳು. ಎರಡೂ ಗೋಡೆಗೆ ಕನ್ನಡಿ. ಎತ್ತ ನೋಡಿದರೂ ಅವಳಿಗೆ ಒಂದೇ ಕಾಣುತ್ತಿತ್ತು: ಅವಳ ಕೈ ಅವನ ಹೆಗಲನ್ನು ಒಂದಿಷ್ಟು ಒತ್ತಿದರೆ ಅವನು ಹಿಂದೆ ಸರಿಯುತ್ತಿದ್ದ, ಸಡಿಲ ಬಿಟ್ಟರೆ ನಿಲ್ಲುತ್ತಿದ್ದ.

"ಏನ್ರೀ, ನಮ್ಮ ಹುಡುಗಿ ನಿಮ್ಮನ್ನ ಸೈಕಲ್ ಥರ ತಳ್ಕೊಂಡು ಹೋಗ್ತಿದಾಳೆ!" ಎಂದಳು ಅಕ್ಕ.

"ಚೆನ್ನಾಗಿ ತಳ್ತಾಳೆ ಅಕ್ಕ," ಅಂದ ಅವನು. ಅಕ್ಕ ಬಿದ್ದು ಬಿದ್ದು ನಕ್ಕಳು. ಅವಳಿಗೆ ನಗು ಬರಲಿಲ್ಲ.

ಗುರುವಾರ ಬೆಳಿಗ್ಗೆ ಅವಳು ಒಂದು ಕಿತಾಪತಿ ಮಾಡಿದಳು. ಹನ್ನೊಂದರ ಹೊತ್ತಿಗೆ, ಎರಡು ಹೊರೆಗಳ ನಡುವೆ ಬಿಡುವು ಸಿಕ್ಕಾಗ, ವಾಕಿಟಾಕಿಯಲ್ಲಿ ಹೇಳಿದಳು: "ಹಾಡು ಸಿಕ್ತು. ಟಿವಿಲಿ ಬರತ್ತಲ್ಲ, ಪಾತ್ರೆ ತೊಳಿಯೋ ಸೋಪಿನ ಜಾಹೀರಾತು, ಅದರ ಹಾಡು."

ಮೇಲಿನಿಂದ ಬಂತು, "ಪಾತ್ರೆ ತೊಳಿಯೋ ಸೋಪಿನ ಹಾಡು. ಸರಿ."

ಚಾನೆಲ್ಲಿನಲ್ಲಿ ಯಾರೋ ಕಿಸಕ್ಕೆಂದರು. ಜಿಡ್ಡು ಹೋಗುವ ಸೋಪಿನ ಹಾಡಿಗೆ ಮದುವೆಯ ದಿನ ಕುಣಿಯಲು ತಯಾರಿರುವ ಮನುಷ್ಯನಿಗೆ, ಯಾರ ಜೊತೆ ಕುಣಿಯುತ್ತೇನೆ ಎನ್ನುವುದಾದರೂ ಏನು ಲೆಕ್ಕ? ಅವಳ ಜಾಗದಲ್ಲಿ ದರ್ಜಿಯನ್ನು ನಿಲ್ಲಿಸಿದರೂ ಸರಿ ಅಂದಾನು. ಆಮೇಲೆ ಇಳಿಸಿದ ಮೂರು ಹೊರೆಗಳಲ್ಲಿ ಒಂದನ್ನು ಅವಳು ತಪ್ಪು ಕಂಬದ ಪಕ್ಕ ಇಳಿಸಲು ಹೇಳಿದಳು. ಅವನು ಅದನ್ನೂ ತಿರುಗಿ ಹೇಳಿ, ಅಲ್ಲಿಯೇ ಇಳಿಸಿದ. ಮೇಸ್ತ್ರಿ ಬಂದು ಬೈದ.

ಒಂದು ಗಂಟೆಗೆ ಊಟಕ್ಕೆ ಬಿಟ್ಟರು. ಅವನು ಊಟಕ್ಕೆ ಇಳಿಯುತ್ತಿರಲಿಲ್ಲ. ಇಳಿದು ಹತ್ತುವುದರಲ್ಲೇ ಊಟದ ಹೊತ್ತು ಮುಗಿದುಹೋಗುತ್ತಿತ್ತು. ಅವಳು ಸೊಂಟದ ಬೆಲ್ಟು ಬಿಗಿದುಕೊಂಡು ಕ್ರೇನಿನ ಬುಡಕ್ಕೆ ಹೋದಳು.

"ಎಲ್ಲಿಗೆ?" ಮೇಸ್ತ್ರಿ ಅಡ್ಡ ನಿಂತ.

"ಮೇಲಕ್ಕೆ. ಅವನ ಹತ್ರ ಮಾತಾಡ್ಬೇಕು."

"ವಾಕಿಟಾಕಿ ಇದೆಯಲ್ಲಮ್ಮ."

"ಅದರಿಂದಲೇ ಕೆಟ್ಟಿದ್ದು ಯಜಮಾನ್ರೆ."

ಮೇಸ್ತ್ರಿ ಅವಳ ಮುಖ ನೋಡಿದ. ಮೂವತ್ತು ವರ್ಷ ಸಂಸಾರ ಮಾಡಿದವನು. ಬೆಲ್ಟಿನ ಕೊಂಡಿ ಎಳೆದು ನೋಡಿ, "ಕೆಳಗೆ ನೋಡ್ಬೇಡ, ಎರಡಕ್ಕೆ ಸರಿಯಾಗಿ ಇಳೀಬೇಕು" ಎಂದು ದಾರಿ ಬಿಟ್ಟ.

ಎರಡು ವರ್ಷದಲ್ಲಿ ಅವಳು ಆ ಏಣಿ ಹತ್ತಿರಲಿಲ್ಲ. ಮೊದಲ ಮೂರು ಅಟ್ಟಣಿಗೆಯವರೆಗೆ ಸಿಟ್ಟೇ ಹತ್ತಿಸಿತು. ಆಮೇಲೆ ಸಿಟ್ಟು ಕೆಳಗೇ ಉಳಿದು ಬರೀ ಮೊಣಕಾಲು ಹತ್ತತೊಡಗಿತು. ಕಬ್ಬಿಣ ಬಿಸಿಲಿಗೆ ಕಾದಿತ್ತು. ಗಾಳಿಗೆ ಇಡೀ ಕಂಬವೇ ಸಣ್ಣಗೆ ತೂಗುತ್ತಿತ್ತು. ಇದರ ತುದಿಯಲ್ಲಿ ದಿನವಿಡೀ ಕೂತವನು ಮಾತು ಕಡಿಮೆ ಆಡಿದರೆ ಆಶ್ಚರ್ಯವೇನು ಎಂದುಕೊಂಡಳು. ಹಾಗೆ ಅಂದುಕೊಂಡದ್ದಕ್ಕೆ ತನ್ನ ಮೇಲೆಯೇ ರೇಗಿದಳು.

ಕೊನೆಯ ಅಟ್ಟಣಿಗೆಯಲ್ಲಿ ಉಸಿರಿಗಾಗಿ ನಿಂತಾಗ ಮೇಲಿನಿಂದ ಹಾಡು ಕೇಳಿಸಿತು. ರೇಡಿಯೋ ಅಲ್ಲ. ಶ್ರುತಿಯಿಲ್ಲದ, ಗಂಟಲು ಬಿಟ್ಟು ಹಾಡುವ ದನಿ. ಸಂತೆಯಲ್ಲಿ ಒಂದು ಚಪ್ಪಲಿ ಕಳೆದುಕೊಂಡವನು ಕಂಡಕಂಡವರ ಕಾಲು ನೋಡುತ್ತಾ ಊರೆಲ್ಲಾ ಅಲೆಯುವ ಹಳೆಯ ತಮಾಷೆ ಹಾಡು. ಎರಡು ಸಾಲಿಗೊಮ್ಮೆ ಶಿಳ್ಳೆ ಬೇರೆ. ಅವಳು ಬಾಗಿಲು ತಳ್ಳಿದಾಗ ಅವನು ಊಟದ ಡಬ್ಬಿಯ ಮುಚ್ಚಳವನ್ನು ಚಮಚದಿಂದ ಬಡಿಯುತ್ತಿದ್ದ.

ಬಡಿತ ನಿಂತಿತು. "ಏನಾಯ್ತು? ಯಾರಿಗಾದ್ರೂ ಪೆಟ್ಟಾಯ್ತಾ?"

"ಇಲ್ಲ." ಅಲ್ಲಿ ಇದ್ದದ್ದು ಒಂದೇ ಸೀಟು. ಅವಳು ಬಾಗಿಲಿಗೆ ಒರಗಿ ನಿಂತಳು. ಅವನ ಪಾದಗಳ ನಡುವಿನ ಗಾಜಿನಲ್ಲಿ ನೆಲ ಒಂದು ತಟ್ಟೆಯಷ್ಟು ಕಾಣುತ್ತಿತ್ತು. ಅವಳು ಅತ್ತ ನೋಡಲಿಲ್ಲ. "ಒಂದು ಕೇಳ್ತೀನಿ. ನಾನು ಹೇಳಿದ್ದನ್ನೇ ತಿರುಗಿ ಹೇಳ್ಬೇಡ."

"ಹೂಂ."

"ಹೂಂ ಅಂತಾನೂ ಅನ್ಬೇಡ. ಅವತ್ತು ಮದುವೆ ಆಗೋಣ ಅಂದೆನಲ್ಲ, ಆಗ ನೀನು ಒಪ್ಪಿ ಹೇಳಿದ್ಯೋ, ಅಭ್ಯಾಸಕ್ಕೆ ತಿರುಗಿ ಹೇಳಿದ್ಯೋ?"

ಅವನು ಚಮಚವನ್ನು ಡಬ್ಬಿಯೊಳಗಿಟ್ಟ. ಬೇಗ ಉತ್ತರ ಕೊಡುವ ಜಾತಿಯಲ್ಲ ಅವನದು.

"ಅಭ್ಯಾಸಕ್ಕೆ ಹೇಳಿದೆ," ಅಂದ.

ಅವಳು ಬಾಗಿಲ ಹಿಡಿ ಹಿಡಿದುಕೊಂಡಳು.

"ಆಮೇಲೆ ಕ್ರೇನ್ ಆಫ್ ಮಾಡಿ ಅರ್ಧ ಗಂಟೆ ಇಲ್ಲೇ ಕೂತಿದ್ದೆ. ಏನು ಹೇಳಿದೆ ಅಂತ ಯೋಚನೆ ಮಾಡ್ತಾ. ಕೆಳಗಿಳಿಯೋ ಹೊತ್ತಿಗೆ ಒಪ್ಪಿದ್ದೆ."

ಆ ಅರ್ಧ ಗಂಟೆ ಅವಳಿಗೆ ನೆನಪಿತ್ತು. ಯಂತ್ರಕ್ಕೆ ಬೀಗ ಹಾಕುತ್ತಿದ್ದಾನೆಂದುಕೊಂಡು ಕೆಳಗೆ ಕಾದಿದ್ದಳು.

"ಮೂರು ವರ್ಷದ ಹಿಂದೆ ಇನ್ನೊಬ್ಬಳಿಗೂ ಹೂಂ ಅಂದಿದ್ಯಂತೆ. ಅತ್ತೆ ಹೇಳಿದ್ರು."

"ಅಂದಿದ್ದೆ."

"ಅವತ್ತೂ ಅರ್ಧ ಗಂಟೆ ಯೋಚನೆಗೆ ಕೂತಿದ್ಯಾ?"

"ಇಲ್ಲ. ಊಟಕ್ಕೆ ಕೂತಿದ್ದೆ. ಅಮ್ಮ ಬಡಿಸ್ತಾ ಕೇಳಿದ್ರು."

ನಗು ಬಂದೇಬಿಡುತ್ತಿತ್ತು, ತಡೆದುಕೊಂಡಳು. ಮಾತು ಚೆನ್ನಾಗಿಯೇ ಇತ್ತು, ಆದರೆ ಇಷ್ಟು ಮೆಟ್ಟಿಲು ಹತ್ತಿ ಬಂದವಳಿಗೆ ಮಾತೊಂದೇ ಸಾಲದು. "ಹಾಗಾದ್ರೆ ಹಾಡು ನೀನೇ ಹೇಳು. ನಾನು ಬಾಯಿ ಹಾಕಲ್ಲ."

"ಹೇಳಿದ್ರೆ ಹಾಕಿಸ್ತೀಯಾ?"

"ಹಾಕಿಸ್ತೀನಿ."

"ಈಗ ಹಾಡ್ತಿದ್ನಲ್ಲ, ಅದು."

ಅವಳು ನಕ್ಕಳು. ಅವನು ನಗಲಿಲ್ಲ.

"ಚಪ್ಪಲಿದಾ? ಮದುವೇಲಿ? ಜನ ಏನಂತಾರೆ?"

"ಏನೋ ಅಂತಾರೆ. ದಿನಾ ಇಲ್ಲಿ ಅದನ್ನೇ ಹಾಡ್ಕೋತೀನಿ. ಇಷ್ಟ."

"ಸರಿ, ಊಟದ ಹೊತ್ತಲ್ಲಿ ಹಾಕ್ಸೋಣ. ಎಲ್ಲರೂ ನಗ್ತಾರೆ. ಮೊದಲು ನನ್ನ ಪಟ್ಟೀಲಿರೋ ಆ ಕೊಳಲಿನ ಹಾಡು..."

"ಬೇಡ."

ಅವನ ಬಾಯಿಂದ ಆ ಮಾತು ಅವಳು ಕೇಳಿದ್ದು ಅದೇ ಮೊದಲು. ಬುಧವಾರದಿಂದ ಅದೊಂದು ಮಾತಿಗಾಗಿಯೇ ಹಪಹಪಿಸಿದ್ದಳು. ಬಂದಾಗ ಹಸಿ ಮೆಣಸಿನಕಾಯಿ ಕಚ್ಚಿದ ಹಾಗಾಯಿತು.

"ಆ ಹಾಡಿನ ಓಟಕ್ಕೆ ಹೆಜ್ಜೆ ಹಾಕೋಕೆ ಆಗತ್ತಾ? ನನ್ನ ಬಟ್ಟೆ ನೆಲ ಗುಡಿಸೋ ಹಾಗಿದೆ."

"ಎತ್ತಿ ಹಿಡ್ಕೋ."

"ಹಾಡು ಅರ್ಧಕ್ಕೆ ನಿಲ್ಲಿಸೋಣ. ಎರಡು ಚರಣ ಸಾಕು."

"ಬೇಡ. ಚಪ್ಪಲಿ ಸಿಗೋದೇ ಕೊನೇ ಚರಣದಲ್ಲಿ."

ಅವಳಿಗೆ ಸಿಟ್ಟು ನೆತ್ತಿಗೇರಿತು. "ಇಷ್ಟು ದಿನ ಸುಮ್ನೆ ಇದ್ದು ಈಗ ಹಟ ಹಿಡೀತಿದ್ಯಲ್ಲ! ಸೋಪಿನ ಹಾಡಿಗೂ ಸರಿ ಅಂದವನು!"

"ಇಷ್ಟು ದಿನ ನೀನು ಇದು ಬೇಕಾ ಅಂತ ಕೇಳ್ದೆ. ಯಾವುದು ಬೇಕು ಅಂತ ಕೇಳಿದ್ದು ಇವತ್ತೇ."

ಅವಳು ಹದಿನಾಲ್ಕು ಹಾಡುಗಳನ್ನೂ ಒಂದೊಂದಾಗಿ ನೆನೆದಳು. ಒಂದರ ಮುಂದೆಯೂ ಅವಳು ಹಾಗೆ ಕೇಳಿರಲಿಲ್ಲ. ಕೆಳಗಿನಿಂದ ಮೇಸ್ತ್ರಿ ಕಬ್ಬಿಣದ ತುಂಡು ಬಡಿದು ಹೊತ್ತಾಯಿತೆಂದು ಎಚ್ಚರಿಸಿದ.

ಎರಡರಿಂದ ನಾಲ್ಕೂವರೆಯವರೆಗೆ ಇಬ್ಬರೂ ಕೆಲಸದ ಮಾತು ಬಿಟ್ಟು ಬೇರೇನೂ ಆಡಲಿಲ್ಲ. ನಾಲ್ಕು ಮುಕ್ಕಾಲಿಗೆ ಅವಳು ಸಿಮೆಂಟ್ ಮೂಟೆಗಳ ಹಿಂದೆ ನಿಂತು ಫೋನ್ ತೆಗೆದಳು. ಕೊಳಲಿನ ಹಾಡು ಪಟ್ಟಿಯಲ್ಲಿ ಮೊದಲಿಗೇ ಇತ್ತು. ಈಗ ಅದರ ಹೆಸರು ಹೇಳಿದರೂ ಭಾನುವಾರ ಅವನು ತುಟಿಪಿಟಕ್ಕೆನ್ನದೆ ಕುಣಿಯುತ್ತಾನೆ. ಅದು ಅವಳಿಗೆ ಗೊತ್ತಿತ್ತು. ಒಮ್ಮೆ ಹಾಗೆ ಮಾಡಿದರೆ ಇನ್ನು ಮುಂದೆ ಏನು ಬೇಕು ಎಂದು ಕೇಳಿದರೂ ಅವನು ಹೇಳುವುದಿಲ್ಲ, ಅದೂ ಗೊತ್ತಿತ್ತು. ಬೆರಳು ಆ ಹಾಡಿನ ಮೇಲೆ ಇಟ್ಟುಕೊಂಡು ಎರಡು ನಿಮಿಷ ಅತ್ತಿಂದಿತ್ತ ನಡೆದಳು. ಬೂಟಿನ ತುಂಬ ಸಿಮೆಂಟ್ ಪುಡಿಯಾಯಿತು.

"ಹೇಳಿ ಮೇಡಂ, ನಿಮ್ಮದೊಂದೇ ಬಾಕಿ," ಅಂದ ಸೌಂಡ್ ಸಿಸ್ಟಮ್ಮಿನವನು.

ಅವಳು ಹೇಳಿದಳು.

"ಇದು ಮದುವೆ ತಾನೇ ಮೇಡಂ?"

"ಮದುವೆನೇ."

"ಇಬ್ಬರೂ ಒಪ್ಪಿದ್ದೀರಾ? ಆಮೇಲೆ ನನ್ನ ಮೇಲೆ ಬರಬಾರದು."

"ಒಬ್ಬರು ಒಪ್ಪಿದ್ದಾರೆ. ಇನ್ನೊಬ್ಬರು ಒಪ್ಕೋತಾ ಇದ್ದಾರೆ. ಪೂರ್ತಿ ಹಾಕಿ, ಎಲ್ಲಾ ಚರಣ."

ಫೋನ್ ಇಡುತ್ತಿದ್ದಂತೆ ಅಕ್ಕನ ಕರೆ ಬಂತು. ಅವನು ಆರಿಸಿದ ಹಾಡು ಯಾವುದೆಂದು ಅವಳು ಹೇಳಿದ್ದೇ ತಡ, ಹಿಂದೆ ಗುಯ್‌ಗುಡುತ್ತಿದ್ದ ಕೂದಲು ಒಣಗಿಸುವ ಯಂತ್ರ ಟಕ್ಕನೆ ನಿಂತಿತು.

"ಲೇ, ನಿಂಗೇನು ತಲೆ ಕೆಟ್ಟಿದ್ಯಾ? ಚಪ್ಪಲಿ ಹಾಡಾ? ನಮ್ಮ ಅತ್ತೆ ಮನೆಯವರೆಲ್ಲಾ ಮುಂದಿನ ಸಾಲಲ್ಲಿ ಕೂತಿರ್ತಾರೆ ಕಣೇ. ನಿಮ್ಮವರು ತಮಾಷೆಗೆ ಹೇಳಿರ್ಬೇಕು. ಇನ್ನೊಂದ್ಸಲ ಕೇಳು."

"ಕೇಳಿದೆ. ಬೇಡ ಅಂತಾನೆ."

"ಯಾರು, ಅವರಾ? ಬೇಡ ಅಂದ್ರಾ?"

"ಎರಡು ಸಲ ಅಂದ ಅಕ್ಕ." ದೂರು ಹೇಳಲು ಹೊರಟ ದನಿ ಬೇರೆಯೇ ಏನೋ ಆಗಿ ಹೊರಬಂದದ್ದು ಅವಳಿಗೇ ಕೇಳಿಸಿತು.

"ಇಷ್ಟು ಹಟಮಾರಿ ಅಂತ ಮೊದಲೇ ಗೊತ್ತಿರ್ಲಿಲ್ವಾ?"

"ಮಧ್ಯಾಹ್ನ ಗೊತ್ತಾಯ್ತು. ಹಾಡು ನಂಗೂ ಒಂಚೂರೂ ಹಿಡಿಸಿಲ್ಲ, ಅದರ ಮಾತು ಆಮೇಲೆ. ಆರು ಗಂಟೆಗೆ ಬರ್ತೀವಿ. ಕುರ್ಚಿ ಎಲ್ಲಾ ಆಚೆ ಇಟ್ಟಿರು, ಇದಕ್ಕೆ ಜಾಗ ಜಾಸ್ತಿ ಬೇಕು."